ಫಾರಿನ್ ಟ್ರಿಪ್ಪಲ್ಲಿ ಮೊಬೈಲ್ ನೆಟ್ ಕೈ ಕೊಟ್ರೆ: ನಮ್ಮೋರು ಪದೇ ಪದೇ ಕೇಳೋ ಪ್ರಶ್ನೆಗಳು

ಚಿಕ್ಕಬಳ್ಳಾಪುರದಲ್ಲಿ ನಮ್ದೊಂದು ಚಿಕ್ಕ ರೀಚಾರ್ಜ್ ಅಂಗಡಿ. ದೇವನಹಳ್ಳಿ ಏರ್‌ಪೋರ್ಟು ಹತ್ರಾನೇ ಇರೋದ್ರಿಂದ ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಹೊರಟೋರು ದಾರೀಲಿ ಗಾಡಿ ನಿಲ್ಸಿ "ಅಣ್ಣಾ, ಒಂದ್ಸಲ ಫೋನ್ ನೋಡ್ಬಿಡು" ಅಂತಾರೆ, ಗಾಡಿ ಒಳಗೆ ಹತ್ತು ಜನ, ಸೆಂಡಾಫ್ ಮಾಡೋಕೆ ಬಂದೋರೇ ಎಂಟು. ಮಗಳ ಬಾಣಂತನಕ್ಕೆ ಅಮೆರಿಕಾಗೆ ಹೊರಟ ಅಮ್ಮಂದಿರು, ಚಿಂತಾಮಣಿ ಕಡೆಯಿಂದ ಉಮ್ರಾಗೆ ಹೋಗೋರು, ಮುಕ್ತಿನಾಥ ಯಾತ್ರೆಯೋರು, ಶಿಡ್ಲಘಟ್ಟದಿಂದ ಮಷಿನ್ ನೋಡೋಕೆ ಚೀನಾಗೆ ಹೋಗೋ ರೇಷ್ಮೆಯೋರು, ದುಬೈಗೆ ಕೆಲಸಕ್ಕೆ ಹೋಗೋ ಹುಡುಗ್ರು, ಎಲ್ರೂ ಕೇಳೋದು ಸುಮಾರು ಅವೇ ಪ್ರಶ್ನೆ. ಕೆಲವರು ಅಲ್ಲಿ ಇಳಿದು ಹೋಟ್ಲು ವೈಫೈಯಿಂದ ವಾಯ್ಸ್ ಮೆಸೇಜ್ ಕಳಿಸ್ತಾರೆ, ಆಗ ನಮಗೆ ಇಲ್ಲಿ ರಾತ್ರಿ ಎರಡು ಗಂಟೆ. ಅದ್ಕೇ ಎಲ್ಲಾ ಒಂದ್ಕಡೆ ಬರೆದಿಟ್ಟೆ. ಮೊದಲೇ ಹೇಳ್ಬಿಡ್ತೀನಿ, ಇದರಲ್ಲಿ ಮುಕ್ಕಾಲು ಪಾಲು ತೊಂದರೆ ಮನೆ ಬಿಡೋಕೆ ಮುಂಚೆನೇ ಸರಿ ಮಾಡ್ಕೋಬಹುದಾಗಿದ್ದವು.

## ಮನೆ ಬಿಡೋಕೆ ಮುಂಚೆ

ನಮ್ ಸಿಮ್ಮೇ ಅಲ್ಲೂ ನಡೆಯುತ್ತಾ, ಇಲ್ಲಾ ಹೊಸದು ತಗೋಬೇಕಾ?

ನಡೆಯುತ್ತೆ, ಆದ್ರೆ ಇಂಟರ್‌ನ್ಯಾಷನಲ್ ರೋಮಿಂಗ್, ಅಂದ್ರೆ ನಮ್ಮ ಸಿಮ್ಮು ಹೊರದೇಶದ ಕಂಪನಿ ಟವರ್ ಹಿಡಿಯೋ ಸೌಲಭ್ಯ, ಆನ್ ಆಗಿರಬೇಕು, ಆ ದೇಶಕ್ಕೆ ನಿಮ್ಮ ಕಂಪನಿ ಪ್ಯಾಕ್ ಇರಬೇಕು. ದಾರಿ ಮೂರು. ನಮ್ಮ ಸಿಮ್ಮಿಗೇ ರೋಮಿಂಗ್ ಪ್ಯಾಕ್ ಹಾಕ್ಸೋದು, ಅಲ್ಲಿ ಇಳಿದು ಅಲ್ಲಿನ ಸಿಮ್ ತಗೊಳೋದು, ಇಲ್ಲಾ ಟ್ರಾವೆಲ್ ಇ-ಸಿಮ್, ಅಂದ್ರೆ ಕಾರ್ಡ್ ಇಲ್ದೆ ನೆಟ್ಟಿಂದ ಫೋನ್ ಒಳಗೇ ಇಳಿಸ್ಕೊಳೋ ಸಿಮ್, ಹಾಕ್ಕೊಳೋದು. ನನ್ನ ಲೆಕ್ಕ ಏನಪ್ಪಾ ಅಂದ್ರೆ, ವಾರದ ಒಳಗಿನ ಟ್ರಿಪ್ ಆದ್ರೆ, ಅದ್ರಲ್ಲೂ ವಯಸ್ಸಾದೋರು ಆದ್ರೆ, ಸುಮ್ನೆ ರೋಮಿಂಗ್ ಪ್ಯಾಕ್ ಹಾಕ್ಸಿ, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ತಲೆನೋವು ಕಮ್ಮಿ. ತಿಂಗಳುಗಟ್ಲೆ ಇರ್ತೀರಾ ಅಂದ್ರೆ ಅಲ್ಲಿನ ಸಿಮ್. ಮಧ್ಯದ್ದಕ್ಕೆ, ಫೋನ್ ಹೊಸದಿದ್ರೆ, ಇ-ಸಿಮ್. ಯಾವ ದಾರಿ ಹಿಡಿದ್ರೂ ಇಂಡಿಯಾ ಸಿಮ್ ಮಾತ್ರ ಮನೇಲಿ ಬಿಟ್ಟು ಹೋಗ್ಬೇಡಿ, ಯಾಕೆ ಅಂತ ಮುಂದೆ ಒಟಿಪಿ ಪ್ರಶ್ನೇಲಿ ಹೇಳಿದ್ದೀನಿ.

ಮೊನ್ನೆ ತಾನೆ ಮೂರು ತಿಂಗಳದ್ದು ರೀಚಾರ್ಜ್ ಮಾಡ್ಸಿದ್ದೀನಲ್ಲ, ಮತ್ತೆ ಇನ್ನೊಂದು ಪ್ಯಾಕ್ ಯಾಕೆ?

ಆ ರೀಚಾರ್ಜ್ ಇಂಡಿಯಾ ಒಳಗೆ ಅಷ್ಟೇ. ದಿನಕ್ಕೆ ಎರಡು ಜಿಬಿ ಅಂತ ಇರೋದು ಗಡಿ ದಾಟಿದ ಮೇಲೆ ಲೆಕ್ಕಕ್ಕಿಲ್ಲ. ಇಂಟರ್‌ನ್ಯಾಷನಲ್ ಪ್ಯಾಕ್ ಬೇರೆನೇ ಹಾಕ್ಸ್ಬೇಕು. ಹಂಗಂತ ಮಾಮೂಲಿ ಪ್ಲಾನ್ ಮುಗಿಯೋಕೆ ಬಿಡ್ಬೇಡಿ, ಅದರ ವ್ಯಾಲಿಡಿಟಿ ಮುಗಿದ್ರೆ ರೋಮಿಂಗ್ ಪ್ಯಾಕ್ ಇದ್ದೂ ಸರ್ವಿಸ್ ನಿಲ್ಲೋ ಚಾನ್ಸ್ ಇರುತ್ತೆ. ಎರಡೂ ಜೀವಂತ ಇರ್ಬೇಕು.

ನೇಪಾಳಕ್ಕೆ ನಮಗೆ ಪಾಸ್‌ಪೋರ್ಟೇ ಬೇಡ ಅಂತಾರೆ, ಅಲ್ಲಿಗೂ ರೋಮಿಂಗ್ ಪ್ಯಾಕಾ?

ಹೌದ್ರೀ, ಅಲ್ಲಿಗೂ. ವೋಟರ್ ಐಡಿ ತೋರ್ಸಿ ಗಡಿ ದಾಟಬಹುದು, ಆದ್ರೆ ಮೊಬೈಲ್ ಕಂಪನಿಗೆ ನೇಪಾಳ, ಭೂತಾನ್ ಎರಡೂ ಫಾರಿನ್ನೇ. ಮುಕ್ತಿನಾಥಕ್ಕೆ ಹೋಗೋರು ಇನ್ನೊಂದು ತಿಳ್ಕೊಳಿ, ಪೊಖರಾದಿಂದ ಮೇಲೆ ಬೆಟ್ಟ ಹತ್ತೋವಾಗ ದಾರಿಲಿ ಅಲ್ಲಲ್ಲಿ ಸಿಗ್ನಲ್ ಬಿಟ್ಟು ಹೋಗುತ್ತೆ, ಅದಕ್ಕೆ ಯಾವ ಪ್ಯಾಕೂ ಮದ್ದಲ್ಲ, "ಇವತ್ತು ಸಿಗಲ್ಲ" ಅಂತ ಮನೆಯೋರಿಗೆ ಮೊದಲೇ ಹೇಳಿಬಿಡಿ.

ಪ್ಯಾಕ್ ಯಾವಾಗ ಹಾಕ್ಸ್ಬೇಕು? ಇಲ್ಲೇ ಹಾಕ್ಸಿದ್ರೆ ಇಲ್ಲೇ ದಿನ ಕಳೆದು ಹೋಗಲ್ವಾ?

ಬಹಳ ಪ್ಯಾಕ್‌ಗಳಲ್ಲಿ ದಿನದ ಲೆಕ್ಕ ಶುರು ಆಗೋದು ಆ ದೇಶದ ನೆಟ್‌ವರ್ಕ್ ಹಿಡಿದ ಮೇಲೆ. ಕೆಲವು ಮಾತ್ರ ರೀಚಾರ್ಜ್ ಮಾಡಿದ ದಿನದಿಂದನೇ ಓಡುತ್ವೆ, ಅದನ್ನ ಪ್ಯಾಕಿನ ವಿವರದಲ್ಲಿ ಓದಿ, ದೇಶಗಳ ಪಟ್ಟಿನೂ ಅಲ್ಲೇ ಇರುತ್ತೆ. ಹೊರಡೋ ಹಿಂದಿನ ದಿನ ಹಾಕ್ಸೋದು ಸರಿ. ಅಲ್ಲಿ ಇಳಿದ ಮೇಲೆ ಹಾಕೊಳೋಣ ಅಂತ ಹೋದೋರ ಪಾಡು ನೋಡಿದ್ದೀನಿ, ಪ್ಯಾಕ್ ಹಾಕೋಕೆ ನೆಟ್ ಬೇಕು, ನೆಟ್ ಬರೋಕೆ ಪ್ಯಾಕ್ ಬೇಕು, ಏರ್‌ಪೋರ್ಟ್ ವೈಫೈ ಹಿಡಿಯೋಣ ಅಂದ್ರೆ ಅದಕ್ಕೂ ಒಟಿಪಿ ಕೇಳುತ್ತೆ, ಒಟಿಪಿ ಬರೋಕೆ ರೋಮಿಂಗ್ ಆನ್ ಆಗಿರಬೇಕು. ಸುತ್ತಿ ಸುತ್ತಿ ಅಲ್ಲೇ. ಬ್ಯಾಂಕ್ ಕಾರ್ಡು, ಯುಪಿಐ ಎಲ್ಲಾ ಸರಿಯಾಗಿ ನಡೀತಿರೋ ನಮ್ಮೂರಲ್ಲೇ ಮುಗಿಸ್ಕೊಳಿ.

ಅಂಗೇ ಹೊರಡೋಕೆ ಮುಂಚೆ ಇನ್ನೆರಡು ಕೆಲಸ. ಹೋಗೋ ಊರಿನ ಗೂಗಲ್ ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡಿ, ನೆಟ್ ಇಲ್ದಿದ್ರೂ ಜಿಪಿಎಸ್ ನಡೆಯುತ್ತೆ, ನೀಲಿ ಚುಕ್ಕಿ ನೀವೆಲ್ಲಿದ್ದೀರಾ ಅಂತ ತೋರಿಸುತ್ತೆ. ಇನ್ನೊಂದು, ಹೋಟ್ಲು ಅಡ್ರೆಸ್ಸು, ಮಗನ ಮನೆ ಅಡ್ರೆಸ್ಸು ಸ್ಕ್ರೀನ್‌ಶಾಟ್ ತೆಗೆದಿಡಿ, ವಾಟ್ಸಾಪಲ್ಲಿ ಇದೆ ಬಿಡಿ ಅಂತ ನಂಬ್ಕೋಬೇಡಿ.

ಇ-ಸಿಮ್ ಅಂತಾರಲ್ಲ, ನನ್ ಫೋನಲ್ಲಿ ಅದು ಇದೆಯಾ ಹೆಂಗೆ ಗೊತ್ತಾಗುತ್ತೆ?

ಡಯಲರಲ್ಲಿ *#06# ಒತ್ತಿ. ಐಎಂಇಐ ನಂಬರ್ ಜೊತೆ ಇಐಡಿ ಅಂತ ಒಂದು ಉದ್ದನೆಯ ನಂಬರ್ ಬಂದ್ರೆ ಇದೆ, ಬರಲಿಲ್ಲ ಅಂದ್ರೆ ಇಲ್ಲ. ಐಫೋನಲ್ಲಿ 2018ರ ಎಕ್ಸ್ಎಸ್, ಎಕ್ಸ್ಆರ್ ಇಂದ ಈಚೆಗೆ ಇದೆ. ಆಂಡ್ರಾಯ್ಡಲ್ಲಿ ದುಬಾರಿ ಫೋನ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತೆ, ಹತ್ತು ಹದಿನೈದು ಸಾವಿರದ ಫೋನಲ್ಲಿ ಹೆಚ್ಚಾಗಿ ಇರಲ್ಲ. ಅಮೆರಿಕಾದಿಂದ ಮಗ ಕಳಿಸಿದ ಐಫೋನ್ 14 ಅಥವಾ ಅದಕ್ಕಿಂತ ಹೊಸದು ಇಟ್ಕೊಂಡೋರಿಗೆ ಉಲ್ಟಾ ಕಥೆ, ಅದರಲ್ಲಿ ಸಿಮ್ ಹಾಕೋ ಜಾಗನೇ ಇರಲ್ಲ, ಬರೀ ಇ-ಸಿಮ್ಮೇ. ಅಂತೋರು ಸಿಮ್ ಹಿಡ್ಕೊಂಡು ಅಂಗಡಿಗೆ ಬಂದು ಫೋನ್ ತಿರುಗಿಸಿ ಮುರುಗಿಸಿ ತೂತು ಹುಡುಕ್ತಾರೆ, ಪಾಪ.

## ಇಳಿದ ತಕ್ಷಣ

ಇಳಿದು ಅರ್ಧ ಗಂಟೆ ಆಯ್ತು, ಸಿಗ್ನಲ್ಲೇ ಇಲ್ಲ. ಏನ್ ಮಾಡ್ಲಿ?

ಮೊದಲು ಏರೋಪ್ಲೇನ್ ಮೋಡ್ ತೆಗೆದಿದ್ದೀರಾ ನೋಡಿ. ನಗಬೇಡಿ, ಅರ್ಧ ಜನದ್ದು ಇಲ್ಲೇ ಮುಗಿಯುತ್ತೆ. ತೆಗೆದಿದ್ರೆ ಇನ್ನೊಂದ್ಸಲ ಆನ್ ಮಾಡಿ, ಒಂದು ನಿಮಿಷ ಬಿಟ್ಟು ಆಫ್ ಮಾಡಿ. ಆಗ್ಲಿಲ್ಲ ಅಂದ್ರೆ ಫೋನ್ ಪೂರ್ತಿ ಆಫ್ ಮಾಡಿ ಆನ್ ಮಾಡಿ. ಹೊಸ ದೇಶದಲ್ಲಿ ನೆಟ್‌ವರ್ಕ್ ಹುಡುಕೋಕೆ, ಆ ಕಂಪನಿ ನಮ್ಮ ಕಂಪನೀನ ಕೇಳಿ "ಇವರು ನಿಮ್ಮೋರೇನಾ" ಅಂತ ಖಾತ್ರಿ ಮಾಡ್ಕೊಳೋಕೆ ಮೊದಲ ಸಲ ಐದು ಹತ್ತು ನಿಮಿಷ ಹಿಡಿದ್ರೂ ಆಶ್ಚರ್ಯ ಇಲ್ಲ, ವಿಮಾನದ ಜನ ಎಲ್ಲಾ ಒಟ್ಟಿಗೆ ಫೋನ್ ಆನ್ ಮಾಡಿರ್ತಾರೆ ಬೇರೆ. ಆಮೇಲೂ "ನೋ ಸರ್ವಿಸ್" ಅಂತಾನೇ ಇದ್ರೆ ಒಂದೋ ರೋಮಿಂಗ್ ಆನ್ ಆಗಿಲ್ಲ, ಇಲ್ಲಾ ಕೈಯಾರೆ ನೆಟ್‌ವರ್ಕ್ ಆರಿಸ್ಬೇಕು, ಅದು ಕೆಳಗೆ ಬೇರೆ ಪ್ರಶ್ನೆ ಇದೆ.

ಟವರ್ ಕಡ್ಡಿ ಫುಲ್ ಇದೆ, ಕಾಲೂ ಬರ್ತಿದೆ, ನೆಟ್ ಮಾತ್ರ ಇಲ್ಲ. ಯಾಕಣ್ಣ?

ಎಲ್ಲಕ್ಕಿಂತ ಜಾಸ್ತಿ ಕೇಳೋದು ಇದೇ. ಡೇಟಾ ರೋಮಿಂಗ್ ಅಂತ ಒಂದು ಸ್ವಿಚ್ ಇರುತ್ತೆ, ಮೊಬೈಲ್ ಡೇಟಾ ಸ್ವಿಚ್ ಬೇರೆ ಇದು ಬೇರೆ. ಫೋನಲ್ಲಿ ಇದು ಸಾಮಾನ್ಯವಾಗಿ ಆಫ್ ಆಗೇ ಬಂದಿರುತ್ತೆ, ಇಲ್ಲಿ ಇರೋವಾಗ ನಮಗೆ ಅದರ ನೆನಪೂ ಇರಲ್ಲ. ಆಂಡ್ರಾಯ್ಡಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಮೊಬೈಲ್ ನೆಟ್‌ವರ್ಕ್ ಅಥವಾ ಸಿಮ್ ಅಂತ ಇರೋ ಕಡೆ ಹೋಗಿ ಆ ಸಿಮ್ ಒತ್ತಿದ್ರೆ ಡೇಟಾ ರೋಮಿಂಗ್ ಸಿಗುತ್ತೆ. ಐಫೋನಲ್ಲಿ ಮೊಬೈಲ್ ಸರ್ವಿಸ್ ಒಳಗೆ.

ಎರಡನೇದು, ಡೇಟಾ ಯಾವ ಸಿಮ್ಮಲ್ಲಿದೆ ನೋಡಿ. ನಮ್ಮಲ್ಲಿ ಎಲ್ರಿಗೂ ಎರಡು ಸಿಮ್, ಒಂದು ಮಾತಾಡೋಕೆ ಒಂದು ನೆಟ್ಟಿಗೆ, ಪ್ಯಾಕ್ ಹಾಕ್ಸಿರೋದು ಒಂದಕ್ಕೆ, ಡೇಟಾ ಆನ್ ಇರೋದು ಇನ್ನೊಂದಕ್ಕೆ. ನಾನೇ ಸಿಂಗಪುರಕ್ಕೆ ಹೋದಾಗ ಈ ತಪ್ಪು ಮಾಡಿ, ಅಂಗಡಿಯೋನು ಅಂತ ಹೆಸರಿಟ್ಕೊಂಡು, ಚಾಂಗಿ ಏರ್‌ಪೋರ್ಟಲ್ಲಿ ಇಪ್ಪತ್ತು ನಿಮಿಷ ನಮ್ಮ ಕಂಪನೀನ ಬೈಕೊಂಡು ಕೂತಿದ್ದೆ, ಕೊನೆಗೆ ಹೆಂಡ್ತಿ ಫೋನ್ ಕಿತ್ಕೊಂಡು ಸಿಮ್ ಒಂದರಿಂದ ಎರಡಕ್ಕೆ ಬದಲಾಯಿಸಿದ್ಲು. ಅದನ್ನ ಇವತ್ತಿಗೂ ಹೇಳ್ತಾಳೆ.

ಇವೆರಡೂ ಸರಿ ಇದ್ದೂ ಬರ್ತಿಲ್ಲ ಅಂದ್ರೆ ಎಪಿಎನ್ ನೋಡ್ಬೇಕು.

ಈ ಎಪಿಎನ್ ಅಂದ್ರೆ ಏನು, ಏನ್ ಬರೀಬೇಕು ಅದರಲ್ಲಿ?

ಇಂಟರ್‌ನೆಟ್ ಒಳಗೆ ಹೋಗೋ ಬಾಗಿಲ ಹೆಸರು ಅನ್ಕೊಳಿ. ಸಿಮ್ ಯಾವ ಕಂಪನೀದೋ ಆ ಕಂಪನಿ ಎಪಿಎನ್ನೇ ಇರ್ಬೇಕು, ನೀವು ಯಾವ ದೇಶದಲ್ಲಿದ್ದೀರಾ ಅನ್ನೋದು ಮುಖ್ಯ ಅಲ್ಲ. ಜಿಯೋಗೆ ಜಿಯೋನೆಟ್. ಏರ್‌ಟೆಲ್‌ಗೆ ಏರ್‌ಟೆಲ್ ಜಿಪಿಆರ್‌ಎಸ್ ಒಂದೇ ಪದವಾಗಿ ಸೇರ್ಸಿ ಬರೆದು ಕೊನೇಲಿ ಡಾಟ್ ಕಾಮ್. ವಿಐಗೆ ಮೂರು ಡಬ್ಲ್ಯೂ ಅಷ್ಟೇ. ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್ ನೆಟ್, ಅದೂ ಸೇರ್ಸಿ ಒಂದೇ ಪದ. ಎಲ್ಲಾ ಇಂಗ್ಲಿಷ್ ಸಣ್ಣಕ್ಷರ, ಮಧ್ಯೆ ಜಾಗ ಬಿಡಂಗಿಲ್ಲ. ಕೀಬೋರ್ಡು ತಾನಾಗೇ ಮೊದಲನೇ ಅಕ್ಷರ ದೊಡ್ಡದು ಮಾಡುತ್ತೆ, ಕೊನೇಲಿ ಒಂದು ಸ್ಪೇಸ್ ಸೇರಿಸುತ್ತೆ, ಕಣ್ಣಿಗೆ ಕಾಣಲ್ಲ, ಅಲ್ಲೇ ಎಡವಟ್ಟಾಗೋದು. ಯೂಸರ್‌ನೇಮ್ ಪಾಸ್‌ವರ್ಡ್ ಖಾಲಿ ಬಿಡಿ. ಆಂಡ್ರಾಯ್ಡಲ್ಲಿ ಅದೇ ಪೇಜಲ್ಲಿ ಎಪಿಎನ್ ಪ್ರೋಟೋಕಾಲ್, ಎಪಿಎನ್ ರೋಮಿಂಗ್ ಪ್ರೋಟೋಕಾಲ್ ಅಂತ ಎರಡು ಇರುತ್ವೆ, ಎರಡರಲ್ಲೂ ಐಪಿವಿ4 ಮತ್ತೆ ಐಪಿವಿ6 ಎರಡೂ ಸೇರಿರೋದನ್ನ ಆರಿಸಿ. ಇಲ್ಲಿ ಚೆನ್ನಾಗಿದ್ದು ಅಲ್ಲಿ ಮಾತ್ರ ಕೈ ಕೊಡೋದಕ್ಕೆ ಆ ರೋಮಿಂಗ್ ಪ್ರೋಟೋಕಾಲೂ ಒಂದೊಂದ್ಸಲ ಕಾರಣ ಆಗಿರುತ್ತೆ. ಏನೇ ಬದಲಾಯಿಸೋಕೆ ಮುಂಚೆ ಮೊದಲಿದ್ದಿದ್ದನ್ನ ಒಂದು ಫೋಟೋ ತೆಗೆದಿಟ್ಕೊಳಿ.

ಡೇಟಾ ರೋಮಿಂಗ್ ಆನ್ ಮಾಡಿದ್ರೆ ಸಾವಿರಾರು ರೂಪಾಯಿ ಬಿಲ್ ಬರುತ್ತಂತೆ, ನಿಜಾನಾ?

ಪ್ಯಾಕ್ ಇಲ್ದೆ, ಅದ್ರಲ್ಲೂ ಪೋಸ್ಟ್‌ಪೇಯ್ಡಲ್ಲಿ ಆನ್ ಮಾಡಿದ್ರೆ ನಿಜ. ಎಂಬಿ ಲೆಕ್ಕದಲ್ಲಿ ಕಿತ್ಕೊಳ್ತಾರೆ, ಫೋನ್ ಜೇಬಲ್ಲಿ ಸುಮ್ನೆ ಇದ್ರೂ ಒಳಗೆ ಆಪ್ ಅಪ್‌ಡೇಟು, ಫೋಟೋ ಬ್ಯಾಕಪ್ಪು ನಡೀತಾನೇ ಇರುತ್ತೆ. ಪ್ಯಾಕ್ ಇದ್ರೆ ಭಯ ಬೇಡ, ಆದ್ರೆ ಪ್ಯಾಕಿನ ಡೇಟಾ ಇಲ್ಲಿ ತರ ಧಾರಾಳ ಅಲ್ಲ. ವಾಟ್ಸಾಪಲ್ಲಿ ಸ್ಟೋರೇಜ್ ಅಂಡ್ ಡೇಟಾ ಒಳಗೆ "ರೋಮಿಂಗ್ ಇದ್ದಾಗ" ಅಂತ ಬೇರೆ ಸೆಟ್ಟಿಂಗೇ ಇದೆ, ಅಲ್ಲಿ ಫೋಟೋ ವಿಡಿಯೋ ಟಿಕ್ ಎಲ್ಲಾ ತೆಗೀರಿ, ಇಲ್ಲಾಂದ್ರೆ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಹೂಗಳೇ ನಿಮ್ಮ ಡೇಟಾ ತಿಂದು ಹಾಕ್ತವೆ. ನೆಟ್‌ಫ್ಲಿಕ್ಸ್ ಎಚ್‌ಡಿ ಗಂಟೆಗೆ 3 ಜಿಬಿವರೆಗೂ ಎಳೆಯುತ್ತೆ, ಅದನ್ನ ರೂಮಿನ ವೈಫೈಗೆ ಇಟ್ಕೊಳಿ.

ಕಾಲ್ ಬಗ್ಗೆನೂ ಒಂದ್ಮಾತು. ಬಹಳ ಪ್ಯಾಕ್‌ಗಳಲ್ಲಿ ಬರೋ ಕಾಲ್ ಎತ್ತಿದ್ರೂ ನಿಮ್ಮ ನಿಮಿಷನೇ ಕಳೆಯೋದು. ಲೋನ್ ಬೇಕಾ ಸಾರ್ ಅಂತ ಬರೋ ಕಾಲಿಗೆಲ್ಲಾ ಹಲೋ ಅನ್ಬೇಡಿ.

ಅಲ್ಲೇ ಏರ್‌ಪೋರ್ಟಲ್ಲಿ ಸಿಮ್ ತಗೊಂಡೆ, ಹಾಕಿದ್ರೂ ನೆಟ್ ಬರ್ತಿಲ್ಲ.

ಕೌಂಟರ್ ಬಿಟ್ಟು ಹೋಗೋಕೆ ಮುಂಚೆನೇ ಅವರ ಕೈಲೇ ಹಾಕ್ಸಿ, ವೈಫೈ ಆಫ್ ಮಾಡಿ, ಒಂದು ಪೇಜ್ ಓಪನ್ ಆಗೋದು ನೋಡ್ಕೊಂಡೇ ಹೊರಡಿ. ಭಾಷೆ ಬರಲ್ಲ ಅಂತ ನಾಚ್ಕೋಬೇಡಿ, ಫೋನ್ ಮುಂದೆ ಇಟ್ಟು ಬೆರಳು ತೋರ್ಸಿದ್ರೆ ಸಾಕು. ಬಂದ್ಬಿಟ್ಟಿದ್ದೀರಾ ಅಂದ್ರೆ ನೋಡ್ಬೇಕಾದ್ದು ಇಷ್ಟು. ಬಹಳ ದೇಶಗಳಲ್ಲಿ ಪಾಸ್‌ಪೋರ್ಟ್ ರಿಜಿಸ್ಟರ್ ಆಗೋವರೆಗೂ ಸಿಮ್ ಎಚ್ಚರ ಆಗಲ್ಲ, ಸೌದಿಯಲ್ಲಿ ಬೆರಳಚ್ಚೂ ಕೊಡಬೇಕಾಗುತ್ತೆ. ಡೇಟಾ ಹೊಸ ಸಿಮ್ಮಿಗೆ ಬದಲಾಯಿಸಿರಬೇಕು. ಹಳೇ ಎಪಿಎನ್ ಕೈಯಾರೆ ಬರೆದಿಟ್ಟಿದ್ರೆ ರಿಸೆಟ್ ಟು ಡಿಫಾಲ್ಟ್ ಕೊಡಿ. ಇನ್ನು "ಸಿಮ್ ನಾಟ್ ಸಪೋರ್ಟೆಡ್" ಅಂತ ಬಂದ್ರೆ ನಿಮ್ಮ ಫೋನ್ ಲಾಕ್ ಆಗಿರೋದು, ಫಾರಿನ್ನಿಂದ ಯಾರೋ ತಂದುಕೊಟ್ಟ ಸೆಕೆಂಡ್ ಹ್ಯಾಂಡ್ ಫೋನಲ್ಲಿ ಇದು ಆಗುತ್ತೆ, ಅದನ್ನ ಬಿಡಿಸೋದು ಯಾವ ಕಂಪನಿಯಿಂದ ಕೊಂಡಿದ್ರೋ ಅವರೇ.

ತೆಗೆದ ಇಂಡಿಯಾ ಸಿಮ್ಮನ್ನ ಜೋಪಾನ ಮಾಡಿ. ಉಗುರಿನಷ್ಟು ಇರುತ್ತೆ, ಟ್ಯಾಕ್ಸಿ ಸೀಟಲ್ಲಿ ಬಿದ್ರೆ ಮುಗೀತು. ನಮ್ಮ ಕಡೆ ಒಬ್ರು ಅಮ್ಮ ಖಾಲಿ ಕುಂಕುಮದ ಡಬ್ಬೀಲಿ ಹಾಕಿ ಮುಚ್ಚಿ ಬ್ಯಾಗಲ್ಲಿಟ್ಕೊಂಡು ಹೋದ್ರು, ಆರು ತಿಂಗಳಾದ ಮೇಲೆ ಅದೇ ಡಬ್ಬಿಯಿಂದ ತೆಗೆದುಕೊಟ್ರು, ಇದಕ್ಕಿಂತ ಒಳ್ಳೆ ಐಡಿಯಾ ನನಗೆ ಗೊತ್ತಿಲ್ಲ.

ಟ್ರಾವೆಲ್ ಇ-ಸಿಮ್ ಹಾಕ್ಕೊಂಡೆ, ದುಡ್ಡು ಹೋಗ್ಬಾರ್ದು ಅಂತ ಡೇಟಾ ರೋಮಿಂಗ್ ಆಫೇ ಇಟ್ಟಿದ್ದೀನಿ, ಆದ್ರೂ ನೆಟ್ ಇಲ್ಲ.

ಅಲ್ಲೇ ಇರೋದು ತಪ್ಪು. ಟ್ರಾವೆಲ್ ಇ-ಸಿಮ್ಮಲ್ಲಿ ಬಹಳಷ್ಟು ಆ ದೇಶದ್ದಲ್ಲ, ಬೇರೆ ಯಾವುದೋ ದೇಶದ ಕಂಪನೀದು. ಅದೂ ನಿಮ್ಮ ತರಾನೇ ಅಲ್ಲಿಗೆ ನೆಂಟನಾಗಿ ಬಂದಿರೋದು. ಅದಕ್ಕೆ ಡೇಟಾ ರೋಮಿಂಗ್ ಆನ್ ಮಾಡಲೇಬೇಕು, ದುಡ್ಡು ಮೊದಲೇ ಕಟ್ಟಿರೋದ್ರಿಂದ ಹೆಚ್ಚಿಗೆ ಹೋಗಲ್ಲ. ಆಫ್ ಇಡ್ಬೇಕಾದ್ದು ಇಂಡಿಯಾ ಸಿಮ್ಮಿನ ಡೇಟಾ ರೋಮಿಂಗ್. ಐಫೋನಲ್ಲಿ ಡೇಟಾ ಸ್ವಿಚಿಂಗ್ ಅಂತ ಇನ್ನೊಂದು ಇರುತ್ತೆ, ಅದನ್ನೂ ಆಫ್ ಮಾಡಿ, ಇಲ್ಲಾಂದ್ರೆ ಒಂದು ಸಿಮ್ಮಲ್ಲಿ ಸಿಗ್ನಲ್ ಕಮ್ಮಿ ಆದ ತಕ್ಷಣ ಫೋನೇ ಇಂಡಿಯಾ ಸಿಮ್ಮಿಗೆ ಹಾರುತ್ತೆ.

ಇ-ಸಿಮ್ ಇಳಿಸ್ಕೊಳೋಕೆ ನೆಟ್ ಬೇಕು, ಅದ್ಕೇ ಮನೆ ವೈಫೈನಲ್ಲೇ ಹಾಕೊಂಡು ಹೋಗಿ. ನೆಟ್ ಬರ್ತಿಲ್ಲ ಅಂತ ಸಿಟ್ಟಲ್ಲಿ ಡಿಲೀಟ್ ಮಾತ್ರ ಮಾಡ್ಬೇಡಿ. ಇ-ಸಿಮ್ ಇಳಿಸ್ಕೊಳೋಕೆ ಕೊಡೋ ಕ್ಯೂಆರ್ ಕೋಡ್ ಸಾಮಾನ್ಯವಾಗಿ ಒಂದೇ ಸಲ ನಡೆಯೋದು, ಡಿಲೀಟ್ ಮಾಡಿದ್ರೆ ಇನ್ನೊಂದು ಕೊಳ್ಳೋದೇ.

## ವಾಟ್ಸಾಪು, ಒಟಿಪಿ, ದುಡ್ಡಿನ ವಿಷಯ

ಬ್ಯಾಂಕ್ ಒಟಿಪಿ ಬರ್ತಿಲ್ಲ, ಏನ್ ಮಾಡೋದು?

ಒಟಿಪಿ ಎಸ್ಸೆಮ್ಮೆಸ್ ಬರೋಕೆ ನೆಟ್ ಬೇಡ, ಆದ್ರೆ ಸಿಮ್ಮು ಅಲ್ಲಿನ ಟವರ್ ಹಿಡಿದಿರಬೇಕು. ಅಂದ್ರೆ ಇಂಡಿಯಾ ಸಿಮ್ ಫೋನಲ್ಲೇ ಇರ್ಬೇಕು, ಆನ್ ಇರ್ಬೇಕು, ಇಂಟರ್‌ನ್ಯಾಷನಲ್ ರೋಮಿಂಗ್ ಸರ್ವಿಸ್ ಆಕ್ಟಿವ್ ಇರ್ಬೇಕು. ಡೇಟಾ ಅಲ್ಲಿನ ಸಿಮ್ಮಲ್ಲಿ ಉಪಯೋಗಿಸ್ಕೊಳಿ, ಇಂಡಿಯಾದ್ದು ಎರಡನೇ ಸ್ಲಾಟಲ್ಲಿ ಬರೀ ಎಸ್ಸೆಮ್ಮೆಸ್ಸಿಗೆ ಕೂತಿರ್ಲಿ. ರೋಮಿಂಗಲ್ಲಿ ಬರೋ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ಹೊರಡೋಕೆ ಮುಂಚೆ ಬ್ಯಾಂಕಲ್ಲಿ ಇಮೇಲಿಗೂ ಒಟಿಪಿ ಬರೋ ಹಂಗೆ ಮಾಡ್ಸೋಕೆ ಆಗುತ್ತಾ ಕೇಳಿ. ಒಟಿಪಿ ತಡವಾಗಿ ಬಂತು ಅಂತ ಮೇಲೆ ಮೇಲೆ ಒತ್ತಬೇಡಿ, ಹಳೇದು ಹೊಸದು ಕಲಸಿ ಹೋಗಿ ಕಾರ್ಡ್ ಬ್ಲಾಕ್ ಆಗುತ್ತೆ.

ಇಂಡಿಯಾ ಸಿಮ್ ತೆಗೆದ್ರೆ ವಾಟ್ಸಾಪ್ ಹೋಗ್ಬಿಡುತ್ತಾ?

ವಾಟ್ಸಾಪ್ ನಂಬರಿಗೆ ಕಟ್ಟಿರೋದು, ಹೊಸ ಸಿಮ್ ಹಾಕಿದಾಗ "ನಂಬರ್ ಬದಲಾಯಿಸ್ತೀರಾ" ಅಂತ ಕೇಳಿದ್ರೆ ಬೇಡ ಅನ್ನಿ. ಆದ್ರೆ 2025ರ ನವೆಂಬರಲ್ಲಿ ನಮ್ಮ ಟೆಲಿಕಾಂ ಇಲಾಖೆ ಇಂಥ ಆಪ್‌ಗಳು ರಿಜಿಸ್ಟರ್ ಆದ ಸಿಮ್ ಫೋನಲ್ಲಿ ಇದ್ರೇನೇ ನಡೀಬೇಕು ಅಂತ ಕಂಪನಿಗಳಿಗೆ ಹೇಳಿದೆ. ಅದ್ಕೇ ನನ್ನ ಸಲಹೆ, ಸಿಮ್ ತೆಗೀಲೇ ಬೇಡಿ, ಎರಡು ಸ್ಲಾಟ್ ಇರೋ ಫೋನ್ ತಗೊಂಡೋಗಿ.

ಯುಪಿಐ ಅಲ್ಲಿ ನಡೆಯುತ್ತಾ?

ಭೂತಾನ್, ನೇಪಾಳ, ಶ್ರೀಲಂಕಾ, ಮಾರಿಷಸ್, ಸಿಂಗಪುರ, ಯುಎಇ, ಫ್ರಾನ್ಸ್ ಇಲ್ಲೆಲ್ಲಾ ಕೆಲವು ಅಂಗಡಿಗಳಲ್ಲಿ ನಡೆಯುತ್ತೆ, ಎಲ್ಲಾ ಕಡೆ ಅಲ್ಲ. ಆಪ್ ಒಳಗೆ ಯುಪಿಐ ಇಂಟರ್‌ನ್ಯಾಷನಲ್ ಅಂತ ಆನ್ ಮಾಡ್ಬೇಕು. ಹೊಸ ಫೋನಿಗೆ ಯುಪಿಐ ಹಾಕೋ ಕೆಲಸ ಅಲ್ಲಿ ಇಟ್ಕೋಬೇಡಿ, ರಿಜಿಸ್ಟರ್ ಮಾಡೋವಾಗ ನಿಮ್ಮ ಸಿಮ್ಮಿಂದ ಎಸ್ಸೆಮ್ಮೆಸ್ ಹೋಗ್ಬೇಕು, ರೋಮಿಂಗಲ್ಲಿ ಅದು ಹೋಗದೇ ಸುತ್ತುತಾ ಕೂರುತ್ತೆ.

ದುಬೈಯಲ್ಲಿ ನೆಟ್ ಚೆನ್ನಾಗಿದೆ, ವಾಟ್ಸಾಪ್ ಮೆಸೇಜ್ ಹೋಗುತ್ತೆ, ಕಾಲ್ ಮಾಡಿದ್ರೆ ಮಾತ್ರ ಕನೆಕ್ಟಿಂಗ್ ಕನೆಕ್ಟಿಂಗ್ ಅಂತಾನೇ ಇರುತ್ತೆ.

ನಿಮ್ಮ ಫೋನ್ ಕೆಟ್ಟಿಲ್ಲ. ಯುಎಇಯಲ್ಲಿ ವಾಟ್ಸಾಪ್ ಕಾಲ್ ತಡೆ ಹಾಕಿದ್ದಾರೆ. ಅಲ್ಲಿ ಒಪ್ಪಿಗೆ ಇರೋ ಬೋಟಿಮ್ ತರದ ಆಪ್ ಇದೆ, ಊರಲ್ಲಿರೋರ ಫೋನಿಗೂ ಅದನ್ನ ಹಾಕಿಕೊಟ್ಟು ಹೋಗಿ, ಅಜ್ಜಿಗೆ ಕಲಿಸಿಕೊಡೋಕೆ ಎರಡು ದಿನ ಮುಂಚೆನೇ ಶುರು ಮಾಡಿ. ಹುಡುಗ್ರು ವಿಪಿಎನ್ ಹಾಕೋಣ ಬಿಡಣ್ಣ ಅಂತಾರೆ, ಅಂದ್ರೆ ನೆಟ್ಟನ್ನ ಬೇರೆ ದಾರೀಲಿ ಸುತ್ತಿಸಿ ತಡೆ ದಾಟಿಸೋ ಆಪು. ಅಲ್ಲಿನ ಕಾನೂನಲ್ಲಿ ವಿಪಿಎನ್ ಇಟ್ಕೊಂಡು ಅಪರಾಧ ಮಾಡಿದ್ರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ ಇದೆ, ಒಂದು ವಿಡಿಯೋ ಕಾಲಿಗೋಸ್ಕರ ಆ ಕಡೆ ತಲೆ ಹಾಕ್ಬೇಡಿ.

ಚೀನಾಗೆ ಹೋಗ್ತಿದ್ದೀನಿ, ವಾಟ್ಸಾಪ್ ಗೂಗಲ್ ಎಲ್ಲಾ ಬ್ಯಾನ್ ಅಂತಲ್ಲ?

ಅಲ್ಲಿನ ಸಿಮ್ಮಲ್ಲಿ, ಅಲ್ಲಿನ ಹೋಟ್ಲು ವೈಫೈನಲ್ಲಿ ಬರಲ್ಲ, ನಿಜ. ಆದ್ರೆ ಇಂಡಿಯಾ ಸಿಮ್ಮಲ್ಲಿ ರೋಮಿಂಗ್ ಪ್ಯಾಕ್ ಹಾಕೊಂಡು ಹೋದ್ರೆ ನಿಮ್ಮ ಡೇಟಾ ಇಂಡಿಯಾ ಕಂಪನಿ ಮೂಲಕನೇ ಇಂಟರ್‌ನೆಟ್ ಸೇರೋದು, ಅದ್ಕೇ ವಾಟ್ಸಾಪ್, ಜಿಮೇಲ್ ಸಾಮಾನ್ಯವಾಗಿ ನಡೆಯುತ್ತೆ. ಮಷಿನ್ ಫೋಟೋ ಕಳಿಸ್ತಾ ಊರಿಗೆ ರೇಟ್ ಕೇಳೋ ವ್ಯಾಪಾರದೋರಿಗೆ ಇದೊಂದೇ ಸಲೀಸು. ವೈಫೈ ಸಿಕ್ತು ಅಂತ ಕನೆಕ್ಟ್ ಮಾಡಿದ ತಕ್ಷಣ ವಾಟ್ಸಾಪ್ ನಿಂತ್ರೆ ಗಾಬರಿ ಬೇಡ, ವೈಫೈ ಆಫ್ ಮಾಡಿ ಅಷ್ಟೇ. ಅಲ್ಲಿನೋರ ಜೊತೆ ಮಾತಿಗೆ ವೀಚ್ಯಾಟ್ ಬೇಕೇ ಬೇಕು, ಅದನ್ನ ಇಲ್ಲೇ ಹಾಕೊಂಡು ಹೋಗಿ.

ಊರಿಗೆ ಕಾಲ್ ಹಚ್ಚಿದ್ರೆ ನಂಬರ್ ತಪ್ಪು ಅಂತಿದೆ.

ನಂಬರ್ ಮುಂದೆ +91 ಹಾಕಿ. ಸೊನ್ನೆ ಒತ್ತಿ ಹಿಡಿದ್ರೆ ಪ್ಲಸ್ ಬರುತ್ತೆ. ಮುಖ್ಯವಾದ ಹತ್ತು ನಂಬರನ್ನ ಇಲ್ಲೇ +91 ಸೇರ್ಸಿ ಸೇವ್ ಮಾಡ್ಕೊಳಿ.

## ಸ್ವಲ್ಪ ಆಳದ್ದು

ಕೈಯಾರೆ ನೆಟ್‌ವರ್ಕ್ ಆರಿಸೋದು ಹೆಂಗೆ, ಯಾಕೆ?

ನಮ್ಮ ಕಂಪನಿಗೆ ಅಲ್ಲಿ ಎಲ್ಲಾ ಕಂಪನಿ ಜೊತೆಗೂ ಒಪ್ಪಂದ ಇರಲ್ಲ. ಫೋನ್ ತಾನಾಗೇ ಜಾಸ್ತಿ ಸಿಗ್ನಲ್ ಇರೋದನ್ನ ಹಿಡಿಯೋಕೆ ಹೋಗುತ್ತೆ, ಅವರು ಒಳಗೆ ಬಿಡಲ್ಲ, ಇಲ್ಲಾ ಕಾಲಿಗೆ ಬಿಟ್ಟು ಡೇಟಾಗೆ ಬಿಡಲ್ಲ. ಸೆಟ್ಟಿಂಗ್ಸಲ್ಲಿ ನೆಟ್‌ವರ್ಕ್ ಆಪರೇಟರ್ ಅಂತ ಇರೋ ಕಡೆ ಆಟೋಮ್ಯಾಟಿಕ್ ತೆಗೀರಿ, ಎರಡು ಮೂರು ನಿಮಿಷ ಹುಡುಕಿ ಪಟ್ಟಿ ತೋರಿಸುತ್ತೆ. ಸಿಂಗಪುರದಲ್ಲಿ ಸಿಂಗ್‌ಟೆಲ್, ಸ್ಟಾರ್‌ಹಬ್, ಎಂ1, ಸೌದಿಯಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್, ಹಿಂಗೆ. ನಿಮ್ಮ ಪ್ಯಾಕಿನ ಪಾರ್ಟ್ನರ್ ಯಾರು ಅಂತ ಕಂಪನಿ ಆಪಲ್ಲಿ ಇರುತ್ತೆ, ಹೊರಡೋಕೆ ಮುಂಚೆ ಬರೆದಿಟ್ಕೊಳಿ, ಗೊತ್ತಿಲ್ಲ ಅಂದ್ರೆ ಒಂದೊಂದೇ ಒತ್ತಿ ನೋಡಿ. ಒಂದ್ಸಲ ಬೇಡ ಅಂದ ನೆಟ್‌ವರ್ಕನ್ನ ಸಿಮ್ಮು ತನ್ನೊಳಗೆ ಬ್ಲಾಕ್ ಪಟ್ಟೀಲಿ ಬರೆದಿಟ್ಕೊಂಡು ಮತ್ತೆ ತಾನಾಗಿ ಆ ಕಡೆ ಹೋಗಲ್ಲ, ಕೈಯಾರೆ ಆರಿಸಿದ್ರೆ ಮಾತ್ರ ಇನ್ನೊಂದ್ಸಲ ಕೇಳುತ್ತೆ. ನೆಟ್‌ವರ್ಕ್ ಸರಿ ಇದ್ದೂ ಆಗ್ದಿದ್ರೆ 5ಜಿ ತೆಗೆದು ಬರೀ 4ಜಿ ಅಥವಾ ಎಲ್‌ಟಿಇಗೆ ಇಡಿ, ರೋಮಿಂಗಲ್ಲಿ 5ಜಿ ಎಲ್ಲಾ ಕಡೆ ಇನ್ನೂ ಹೊಂದ್ಕೊಂಡಿಲ್ಲ. ವಾಪಸ್ ದೇವನಹಳ್ಳಿಲಿ ಇಳಿದಾಗ ಇವೆಲ್ಲಾ ಮತ್ತೆ ಆಟೋಮ್ಯಾಟಿಕ್ ಮಾಡೋದು ಮರೀಬೇಡಿ. "ಊರಿಗೆ ಬಂದ್ರೂ ಸಿಗ್ನಲ್ ಇಲ್ಲ" ಅಂತ ಲಗೇಜ್ ಸಮೇತ ಬರೋರೂ ಇದ್ದಾರೆ.

ಅಮ್ಮನ ಹಳೇ ಫೋನ್ ಇಲ್ಲಿ ಸರಿ ಇತ್ತು, ಅಮೆರಿಕಾದಲ್ಲಿ ಸತ್ತಂಗೆ ಆಗಿದೆ.

ಅಲ್ಲಿ 3ಜಿ ಮುಚ್ಚಿಬಿಟ್ಟಿದ್ದಾರೆ, ದೊಡ್ಡ ಕಂಪನಿಗಳೆಲ್ಲಾ 2022ರಲ್ಲೇ ನಿಲ್ಲಿಸಿದ್ವು. ಸಿಂಗಪುರ, ಆಸ್ಟ್ರೇಲಿಯಾದಲ್ಲಿ 2024ರಲ್ಲಿ. ಇನ್ಮೇಲೆ ಕಾಲೂ 4ಜಿ ಮೇಲೇನೇ, ಅಂದ್ರೆ ವೋಲ್ಟಿ ಇರ್ಬೇಕು, ಆನ್ ಆಗಿರ್ಬೇಕು. ಆಸ್ಟ್ರೇಲಿಯಾದಲ್ಲಂತೂ 4ಜಿಯಲ್ಲಿ ತುರ್ತು ನಂಬರ್ 000ಗೆ ಕಾಲ್ ಮಾಡೋಕೆ ಆಗದ ಫೋನನ್ನ ನೆಟ್‌ವರ್ಕಿಗೇ ಸೇರ್ಸಲ್ಲ. ಇನ್ನೊಂದು ಕಾರಣ ಬ್ಯಾಂಡು, ಅಂದ್ರೆ ಸಿಗ್ನಲ್ ಹೋಗೋ ತರಂಗದ ಸಾಲು. ಅಮೆರಿಕಾದಲ್ಲಿ ದೂರದವರೆಗೆ ಹೋಗೋ ಸಿಗ್ನಲ್ 12, 13, 71 ಅನ್ನೋ ಬ್ಯಾಂಡಲ್ಲಿ, ಇಲ್ಲಿ ಮಾರೋ ಕಮ್ಮಿ ರೇಟಿನ ಫೋನಲ್ಲಿ ಅವು ಹೆಚ್ಚಾಗಿ ಇರಲ್ಲ. ಪೇಟೆ ಮಧ್ಯೆ ನಡೆಯುತ್ತೆ, ಮಗನ ಮನೆ ಊರ ಹೊರಗಿದ್ರೆ ಒಳಗೆ ಬಂದ ತಕ್ಷಣ ಹೋಗುತ್ತೆ. ಸೆಟ್ಟಿಂಗ್ಸಲ್ಲಿ ಎಷ್ಟು ತಡಕಾಡಿದ್ರೂ ಬರಲ್ಲ, ಅಲ್ಲಿರೋ ಮಗನ ಹಳೇ ಫೋನಿಗೆ ಸಿಮ್ ಹಾಕಿಕೊಡಿ.

"ಕನೆಕ್ಟೆಡ್" ಅಂತಿದೆ, ಯಾವ ಪೇಜೂ ಓಪನ್ ಆಗಲ್ಲ.

ಮೂರು ಗುಮಾನಿ. ಜಾಹೀರಾತು ಬರ್ಬಾರ್ದು ಅಂತ ಪ್ರೈವೇಟ್ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಂದ ಅದರ ವಿಳಾಸ ಹುಡುಕೋ ಸೆಟ್ಟಿಂಗು) ಹಾಕಿಸ್ಕೊಂಡಿರ್ತೀರಾ, ಕೆಲವು ನೆಟ್‌ವರ್ಕ್ ಅದನ್ನ ತಡೆಯುತ್ತೆ, ಆಟೋಮ್ಯಾಟಿಕ್ ಅಥವಾ ಆಫ್ ಮಾಡಿ. ಆಫೀಸಿನ ವಿಪಿಎನ್ ಆನ್ ಇರುತ್ತೆ, ತೆಗೆದು ನೋಡಿ. ಇನ್ನೊಂದು, ಫೋನಿನ ದಿನಾಂಕ ಸಮಯ ಕೈಯಾರೆ ಬದಲಾಯಿಸಿರ್ತೀರಾ. ಟೈಮ್ ಝೋನ್ ಬಿಟ್ಟು ಗಡಿಯಾರ ಮಾತ್ರ ತಿರುಗಿಸಿದ್ರೆ ಫೋನಿಗೆ ಅದು ತಪ್ಪು ಟೈಮೇ, ಸೆಕ್ಯೂರ್ ಪೇಜ್‌ಗಳು ಒಪ್ಪಲ್ಲ. ಆಟೋಮ್ಯಾಟಿಕ್ ಮಾಡಿ.

ನೆಟ್ ಬರುತ್ತೆ, ಆದ್ರೆ ಎತ್ತಿನಗಾಡಿ ಸ್ಪೀಡು.

ರೋಮಿಂಗಲ್ಲಿ ನ್ಯೂಜೆರ್ಸಿಯಿಂದ ಹೊರಟ ಡೇಟಾ ಇಂಡಿಯಾಗೆ ಬಂದು ಇಲ್ಲಿಂದ ಇಂಟರ್‌ನೆಟ್ ಸೇರಿ ಮತ್ತೆ ವಾಪಸ್ ಹೋಗುತ್ತೆ. ಚಿಕ್ಕಬಳ್ಳಾಪುರದಿಂದ ನಂದಿಬೆಟ್ಟಕ್ಕೆ ಮೆಜೆಸ್ಟಿಕ್ ಸುತ್ಕೊಂಡು ಹೋದಂಗೆ. ಅದ್ಕೇ ವಿಡಿಯೋ ಕಾಲ್ ಎಳೆಯುತ್ತೆ, ಇಂಡಿಯಾದಲ್ಲಿ ಬ್ಯಾನ್ ಆದ ಟಿಕ್‌ಟಾಕ್ ಅಲ್ಲೂ ಆ ಸಿಮ್ಮಲ್ಲಿ ಓಪನ್ ಆಗಲ್ಲ. ಇದು ಸೆಟ್ಟಿಂಗಿಂದ ಹೋಗಲ್ಲ, ಅಲ್ಲಿನ ಸಿಮ್ಮೇ ಗತಿ. ದಿನದ ಮೊದಲು ಚೆನ್ನಾಗಿದ್ದು ಸಂಜೆ ನಿಧಾನ ಆದ್ರೆ ದಿನದ ಲಿಮಿಟ್ ಮುಗಿದಿರುತ್ತೆ. ಮೆಕ್ಕಾದಲ್ಲಿ ನಮಾಜ್ ಮುಗಿದ ಹೊತ್ತಲ್ಲಿ ಲಕ್ಷಾಂತರ ಜನ ಒಂದೇ ಸಲ ಮನೆಗೆ ಫೋನ್ ಹಚ್ತಾರೆ, ಸ್ವಲ್ಪ ಹೊತ್ತು ತಡೆದು ಮಾಡಿ.

ಫ್ರಾನ್ಸಲ್ಲಿ ಸಿಮ್ ತಗೊಂಡೆ, ಸ್ವಿಟ್ಜರ್ಲೆಂಡ್ ಬಂದ ತಕ್ಷಣ ನೆಟ್ ಹೋಯ್ತು.

ಯುರೋಪಿಯನ್ ಯೂನಿಯನ್ ಒಳಗೆ 2017ರ ಜೂನ್ 15ರಿಂದ ಒಂದು ದೇಶದ ಸಿಮ್ ಇನ್ನೊಂದರಲ್ಲೂ ಹೆಚ್ಚಿಗೆ ದುಡ್ಡಿಲ್ದೆ ನಡೆಯುತ್ತೆ. ಸ್ವಿಟ್ಜರ್ಲೆಂಡ್ ಆ ಗುಂಪಲ್ಲಿ ಇಲ್ಲ, ಇಂಗ್ಲೆಂಡೂ ಈಗ ಇಲ್ಲ. ಟೂರ್ ಪ್ಯಾಕೇಜಲ್ಲಿ ಹೋಗೋರು ಎಲ್ಲಾ ದೇಶದ ಹೆಸರು ಬರ್ಕೊಂಡು, ಸಿಮ್ ಪಟ್ಟೀಲಿ ಒಂದೊಂದೇ ಟಿಕ್ ಹಾಕಿ ತಗೊಳಿ. ಕ್ರೂಸ್ ಹಡಗಲ್ಲಿ ಏರೋಪ್ಲೇನ್ ಮೋಡಲ್ಲೇ ಇರಿ, ಹಡಗಿಗೆ ಅದರದ್ದೇ ಸ್ಯಾಟಲೈಟ್ ನೆಟ್‌ವರ್ಕ್ ಇರುತ್ತೆ, ಮಾಮೂಲಿ ಪ್ಯಾಕ್ ಅದಕ್ಕೆ ಸೇರಲ್ಲ.

ಆರು ತಿಂಗಳು ಅಲ್ಲೇ ಇರ್ತೀನಿ, ಇಂಡಿಯಾ ನಂಬರ್ ಹೋಗ್ಬಿಡುತ್ತಾ?

ಪ್ರೀಪೇಯ್ಡಲ್ಲಿ 90 ದಿನ ಏನೂ ಬಳಕೆ ಇಲ್ಲ, ಬ್ಯಾಲೆನ್ಸೂ ಇಲ್ಲ ಅಂದ್ರೆ ನಂಬರ್ ಕಿತ್ತು ಬೇರೆಯವರಿಗೆ ಕೊಟ್ಬಿಡಬಹುದು, ಆಧಾರು ಬ್ಯಾಂಕು ಎಲ್ಲಾ ಅದೇ ನಂಬರಲ್ಲಿ ಇರೋದಕ್ಕೆ ಆಮೇಲೆ ಬಹಳ ಒದ್ದಾಟ. ಇಲ್ಲಿರೋ ಮಗನಿಗೋ ಅಳಿಯನಿಗೋ ಹೇಳಿ ರೀಚಾರ್ಜ್ ಮಾಡಿಸ್ತಾ ಇರಿ. ಟರ್ಕಿಯಲ್ಲಿ ತುಂಬಾ ದಿನ ಇರೋರು ಇನ್ನೊಂದು ನೋಡ್ಕೊಳಿ, ಹೊರಗಿಂದ ತಂದ ಫೋನನ್ನ ರಿಜಿಸ್ಟರ್ ಮಾಡ್ದೆ ಅಲ್ಲಿನ ಸಿಮ್ಮಲ್ಲಿ 120 ದಿನ ದಾಟಿದ್ರೆ ಫೋನೇ ಬ್ಲಾಕ್ ಆಗುತ್ತೆ.

ನೀವು ಹೇಳಿದ್ದೆಲ್ಲಾ ಮಾಡಿದೆ, ಏನೂ ಆಗ್ಲಿಲ್ಲ.

ಸಿಮ್ ತೆಗೆದು ಒರೆಸಿ ಇನ್ನೊಬ್ಬರ ಫೋನಿಗೆ ಹಾಕಿ ನೋಡಿ. ಅಲ್ಲಿ ನಡೆದ್ರೆ ತೊಂದರೆ ಫೋನಿಂದು, ಆಗ ರಿಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಕೊಡಿ. ವೈಫೈ ಪಾಸ್‌ವರ್ಡು, ಬ್ಲೂಟೂತ್ ಎಲ್ಲಾ ಹೋಗುತ್ತೆ, ಇ-ಸಿಮ್ ಅಳಿಸ್ಲಾ ಅಂತ ಕೇಳಿದ್ರೆ ಬೇಡ ಅನ್ನಿ. ಅಲ್ಲೂ ನಡೀಲಿಲ್ಲ ಅಂದ್ರೆ ತೊಂದರೆ ಸಿಮ್ಮಿಂದೋ ಪ್ಯಾಕಿಂದೋ, ಹೋಟ್ಲು ವೈಫೈ ಹಿಡಿದು ಕಂಪನಿ ಆಪಿನ ಚಾಟಲ್ಲಿ ಕೇಳಿ. ಸುಮ್ನೆ "ನೆಟ್ ಬರ್ತಿಲ್ಲ" ಅಂದ್ರೆ ಅವರು ಫೋನ್ ಆಫ್ ಮಾಡಿ ಆನ್ ಮಾಡಿ ಅಂತ ಮೊದಲಿಂದ ಶುರು ಮಾಡ್ತಾರೆ. ಯಾವ ದೇಶ, ಯಾವ ನೆಟ್‌ವರ್ಕ್ ಹೆಸರು ತೋರಿಸ್ತಿದೆ, ಪ್ಯಾಕ್ ಯಾವತ್ತು ಹಾಕ್ಸಿದ್ದು, ಬೇರೆ ಫೋನಲ್ಲಿ ನೋಡಿ ಆಯ್ತು, ಇಷ್ಟನ್ನೂ ಒಂದೇ ಮೆಸೇಜಲ್ಲಿ ಬರೀರಿ. ನನಗೆ ವಾಯ್ಸ್ ಮೆಸೇಜ್ ಕಳಿಸೋರೂ ಇವನ್ನೇ ಹೇಳಿ ಕಳಿಸಿ, ಬೆಳಗ್ಗೆ ಅಂಗಡಿ ಬಾಗಿಲು ತೆಗೆದ ಮೇಲೆ ಉತ್ತರ ಹಾಕ್ತೀನಿ.